ಫ್ಯೂಸಿನ ಜಾಗದಲ್ಲಿ ಫ್ಯೂಸೇ ಇರಬೇಕು

ಮಧುಗಿರಿಯಲ್ಲಿ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಮಿಲ್ಲುಗಳಿಗೆ ಕರೆಂಟಿನ ಪ್ಯಾನಲ್ ಬೋರ್ಡ್ ಕಟ್ಟಿಕೊಡುತ್ತಿದ್ದೇನೆ. ನಗು ಬೇಕೆಂದು ನಾನು ಎಲ್ಲಿಗೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಳೆಯ ಬೋರ್ಡೊಂದರ ಬಾಗಿಲು ತೆಗೆದರೆ ಸಾಕು. ಫ್ಯೂಸ್ ಇರಬೇಕಾದ ಜಾಗದಲ್ಲಿ ಏನಾದರೂ ಒಂದು ಇದ್ದೇ ಇರುತ್ತದೆ, ಫ್ಯೂಸೊಂದನ್ನು ಬಿಟ್ಟು. ಛತ್ರಿಯ ಕಡ್ಡಿ ಕಂಡಿದ್ದೇನೆ, ಹೇರ್‌ಪಿನ್ ಕಂಡಿದ್ದೇನೆ. ಶಿರಾದ ಹತ್ತಿರ ಒಂದು ಕಡೆ ಚಮಚದ ಹಿಡಿಯೂ ಇತ್ತು. ಆ ಮನೆಯವರು ಆರು ತಿಂಗಳಿಂದ ಚಮಚ ಹುಡುಕುತ್ತಿದ್ದರು.

ಕ್ಲಚ್ ವೈರು

ಹೊಳವನಹಳ್ಳಿಯ ರಾಗಿ ಮಿಲ್ಲಿನಿಂದ ಫೋನ್ ಬಂತು. ಮಿಲ್ಲು ನಡೆಸುವುದು ಒಬ್ಬ ಹೆಂಗಸು, ಊರವರಿಗೆಲ್ಲ ಮಿಲ್ಲಿನಕ್ಕ. ರಾಗಿ, ಗೋಧಿ, ಮೆಣಸಿನಕಾಯಿ ಬೀಸುವುದೆಲ್ಲ ಅವರೇ. ರಿಪೇರಿ ಮಾತ್ರ ಅವರ ಗಂಡನ ಪಾಲಿಗೆ. ತೊಂದರೆ ಇರುವುದೇ ಅಲ್ಲಿ.

ಹೋಗಿ ನೋಡಿದೆ. ಬೋರ್ಡು, ಸ್ಟಾರ್ಟರ್, ಕೇಬಲ್ ಮೂರೂ ಕರಕಲು. ಹೊಗೆ ಹೋಗಿ ಮೇಲಿನ ಶೀಟೆಲ್ಲ ಕಪ್ಪಾಗಿತ್ತು. ಇಂಥದ್ದು ಇದು ಮೂರನೇ ಸಲವಂತೆ. ಮಸಿ ಒರೆಸಿ ಫ್ಯೂಸಿನ ಜಾಗ ನೋಡಿದರೆ, ಕಿರುಬೆರಳಿನ ಅರ್ಧ ದಪ್ಪದ ಹೆಣೆದ ತಂತಿ.

"ಇದೇನು ಯಜಮಾನ್ರೇ?"

"ಬೈಕಿನ ಕ್ಲಚ್ ವೈರು ಸಾ," ಎಂದರು ಗಂಡ, ಹೆಮ್ಮೆಯಿಂದಲೇ. "ಸಣ್ಣ ತಂತಿ ಹಾಕಿದ್ರೆ ನಿಲ್ತಾನೇ ಇರ್ಲಿಲ್ಲ. ಇದ್ನ ನೋಡಿ, ಎಲ್ಲಾ ಸುಟ್ಟೋದ್ರೂ ಇದೊಂದು ಅಲ್ಲಾಡಿಲ್ಲ!"

ಮಿಲ್ಲಿನಕ್ಕ ಗೋಡೆಗೆ ಒರಗಿ ನಿಂತಿದ್ದರು. "ಅಣ್ಣ, ಮೂರ್ ಸಲ ಆಯ್ತು. ಇನ್ನೊಂದ್ ಸಲ ಇಂಗಾದ್ರೆ ಕಲ್ಲು ಮಾರ್ಬುಟ್ಟು ಗಾರ್ಮೆಂಟ್ಸ್‌ಗೆ ಹೋಯ್ತೀನಿ," ಎಂದರು. ದನಿ ಏರಿಸಲಿಲ್ಲ. ಹದಿನಾಲ್ಕು ವರ್ಷ ಆ ಬೀಸುಕಲ್ಲಿನ ಮುಂದೆ ನಿಂತವರು ತಣ್ಣಗೆ ಆ ಮಾತು ಆಡಿದ್ದು ನನಗೆ ಸರಿಬರಲಿಲ್ಲ. "ಸುಡಲ್ಲ ಅಕ್ಕ. ನಾನು ನೋಡ್ಕೋತೀನಿ," ಎಂದುಬಿಟ್ಟೆ. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಬೇಕಲ್ಲ.

ಇಬ್ಬರನ್ನೂ ಕೂರಿಸಿ ವಿವರಿಸಿದೆ. ಎರಡು ತಂತಿ ತಾಕಿದಾಗ ಕರೆಂಟು ಮಾಮೂಲಿಗಿಂತ ನೂರಾರು ಪಟ್ಟು ಏರಲು ಹೊರಡುತ್ತದೆ. ಏರುವುದಕ್ಕೆ ಅದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ನಾನು ಹಾಕುವ ಪಿಂಗಾಣಿ ಕೊಳವೆಯ ಫ್ಯೂಸು ಅದನ್ನು ಪೂರ್ತಿ ಏರಲು ಬಿಡುವುದಿಲ್ಲ, ಅರ್ಧ ದಾರಿಯಲ್ಲೇ ಕತ್ತರಿಸುತ್ತದೆ. ಒಲೆಯ ಮೇಲಿನ ಹಾಲನ್ನು ಉಕ್ಕುವ ಮುಂಚೆ ಇಳಿಸಿದ ಹಾಗೆ. ತಂತಿ ಹಾಗಲ್ಲ, ಉಕ್ಕಿ ಒಲೆ ಆರಿದ ಮೇಲೆ ಕೂಗುವ ಜಾತಿ.

"ಅಂಗಾದ್ರೆ ತಂತಿ ನಮ್ಮನೆಯವ್ಳಂಗೆ," ಎಂದರು ಗಂಡ. "ಉಕ್ಕಿದ್ ಮ್ಯಾಲೆ ಕೂಗೋದು."

"ನಾನು ಕೂಗಾದ್ರೂ ಕೂಗ್ತೀನಿ," ಎಂದರು ಮಿಲ್ಲಿನಕ್ಕ. "ಉಕ್ಕೋಗಂಟ ಒಲೆ ಪಕ್ಕದಲ್ಲೇ ಕೂತ್ಕಂಡು ನೋಡ್ತಾ ಇರೋರು ಯಾರು?"

ಬಲಿತ ಫ್ಯೂಸು

ಆ ಅಳತೆಯ ಫ್ಯೂಸು ಮಧುಗಿರಿಯಲ್ಲಿ ಸಿಗಲಿಲ್ಲ. ಶಿರಾಕ್ಕೆ ಹೋದೆ. ಅಲ್ಲಿನ ಅಂಗಡಿಯ ಭಾಯ್ ನನಗೆ ಹಳೆಯ ಪರಿಚಯ. ನನಗಿಂತ ಮುಂಚೆ ಒಬ್ಬ ತೋಟದ ಗೌಡರು ಗಲ್ಲಾದ ಮುಂದೆ ನಿಂತು, ಒಂದೊಂದೇ ಫ್ಯೂಸನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಕೆಲವನ್ನು ಎಡಕ್ಕೆ ಇಡುತ್ತಿದ್ದರು, ಕೆಲವನ್ನು ಬಲಕ್ಕೆ.

ನನಗೆ ಖುಷಿಯಾಯಿತು. ಇಷ್ಟು ತಿಳಿದವರೂ ಇದ್ದಾರಲ್ಲ! ಈ ಫ್ಯೂಸಿನೊಳಗೆ ಮರಳು ಒತ್ತಿ ತುಂಬಿರುತ್ತಾರೆ. ಅಲ್ಲಾಡಿಸಿದಾಗ ಸದ್ದು ಬಂದರೆ ಒಳಗೆ ಸಡಿಲವಾಗಿದೆ ಎಂದರ್ಥ, ಅಂಥದ್ದನ್ನು ಹಾಕಬಾರದು.

ಗೌಡರು ಕೊನೆಗೆ ಸದ್ದು ಮಾಡುವ ಮೂರನ್ನೇ ಆರಿಸಿ ಮುಂದಿಟ್ಟರು. "ಇವನ್ನ ಕಟ್ಟಿ."

ಭಾಯ್ ಗಾಬರಿಯಾದರು. "ಅರೆ ಗೌಡ್ರೆ, ಅವು ಖರಾಬ್ ಮಾಲು! ವಾಪಸ್ ಕಳ್ಸೋಕೆ ತೆಗ್ದಿಟ್ಟಿದ್ದು, ಅದ್ರಲ್ಲೇ ಸೇರ್ಕೊಂಡಿದೆ."

"ಒಳ್ಳೆ ಮಾಲು ಎತ್ತಿಟ್ಕಂಡು ಮಾತಾಡೋದು ಎಲ್ಲಾ ಅಂಗಡಿನಾಗೂ ಐತೆ ಬುಡಿ," ಎಂದರು ಗೌಡರು. "ನಂಗೇನು ಗೊತ್ತಾಗಕಿಲ್ವಾ? ನಲವತ್ತು ವರ್ಷದಿಂದ ಕೊಬ್ಬರಿ ಆರಿಸ್ತಾ ಇದೀನಿ. ಗಲಗಲ ಅಂದ್ರೆ ಗಿಟಕು ಬಲಿತೈತೆ ಅಂತ."

ನಾನು ಸಾಮಾನ್ಯವಾಗಿ ಇನ್ನೊಬ್ಬರ ವ್ಯಾಪಾರದಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಆ ಮೂರು ಫ್ಯೂಸು ಯಾವುದೋ ಬೋರ್‌ವೆಲ್ ಬೋರ್ಡಿಗೆ ಹೋಗುತ್ತವಲ್ಲ ಎಂದು ಸುಮ್ಮನಿರಲಾಗಲಿಲ್ಲ. ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಮರಳಿನ ವಿಷಯ ಹೇಳಿ, ಸದ್ದು ಮಾಡದ ಮೂರನ್ನು ಕೈಗಿಟ್ಟೆ. ಗೌಡರು ನನ್ನನ್ನು ನೋಡಿದರು, ಭಾಯಿಯನ್ನು ನೋಡಿದರು. ಇಬ್ಬರೂ ಒಂದೇ ಪಾರ್ಟಿ ಎಂದು ತೀರ್ಮಾನಿಸಿದ ಹಾಗಿತ್ತು.

"ಆಯ್ತು, ಎಳೇವೇ ಕೊಡಿ," ಎಂದರು. "ಅಟ್ಟದ ಮ್ಯಾಲಿಟ್ಟು ಒಣಗಿಸ್ಕಂತೀನಿ."

ಹಲ್ಲಿ ಶಕುನ

ಹೊಳವನಹಳ್ಳಿಗೆ ಹೊಸ ಬೋರ್ಡು ಕೂರಿಸಿ ಇಪ್ಪತ್ತು ದಿನವಾಗಿತ್ತು. ಗಂಡ ಫೋನ್ ಮಾಡಿದರು: "ಸಾ, ನಿಮ್ ಫ್ಯೂಜು ಸತ್ತೋಯ್ತು."

ಹೋಗಿ ಬಾಗಿಲು ತೆಗೆದೆ. ಕೇಬಲ್ ಬರುವ ತೂತಿನಿಂದ ಒಂದು ಹಲ್ಲಿ ನುಗ್ಗಿ ಎರಡು ಫೇಸುಗಳ ನಡುವೆ ಅಡ್ಡ ಬಿದ್ದಿತ್ತು. ಎರಡು ಫ್ಯೂಸು ಹೋಗಿದ್ದವು. ಉಳಿದಂತೆ ಒಂದು ಕಪ್ಪು ಕಲೆ, ಹಲ್ಲಿಯ ಬಾಲ, ಅಷ್ಟೆ. ಸ್ಟಾರ್ಟರಿಗೆ, ಮೋಟಾರಿಗೆ ಏನೂ ಆಗಿರಲಿಲ್ಲ. ನನಗೆ ಆದ ಸಂತೋಷವನ್ನು ತೋರಿಸಿಕೊಳ್ಳಲಿಲ್ಲ.

ಗಂಡನಿಗೆ ಮಾತ್ರ ಬೇಸರವಾಗಿತ್ತು. "ಒಂದ್ ಹಲ್ಲಿಗೆ ಹೆದ್ರಿ ಸತ್ತೋಯ್ತಲ್ಲ ಸಾ! ನಮ್ ಕ್ಲಚ್ ವೈರಾಗಿದ್ರೆ ಹಲ್ಲಿ ಬೂದಿಯಾಗೋದು, ಮಿಲ್ಲು ಓಡ್ತಾನೇ ಇರೋದು."

"ಹೂಂ, ಓಡ್ತಾ ಇರೋದು," ಎಂದರು ಮಿಲ್ಲಿನಕ್ಕ. "ನಾನೂ ಓಡ್ತಾ ಇರ್ತಿದ್ದೆ, ಬಿಂದಿಗೇಲಿ ನೀರ್ ಹೊತ್ಕಂಡು."

ಫ್ಯೂಸು ಬದಲಾಯಿಸಿ ತೂತು ಮುಚ್ಚುತ್ತಿದ್ದೆ. ಗಂಡ ಒಳಗೆ ಹೋಗಿ ಪಂಚಾಂಗ ತಂದು ತೆರೆದು ಕೂತರು. ಮೈಮೇಲೆ ಎಲ್ಲೆಲ್ಲಿ ಹಲ್ಲಿ ಬಿದ್ದರೆ ಏನೇನು ಫಲ ಎಂಬ ಪಟ್ಟಿ. ತಲೆ, ಭುಜ, ಮೊಣಕಾಲು, ಹಿಮ್ಮಡಿಯವರೆಗೂ ಬೆರಳಿಟ್ಟು ಓದಿ ಮುಗಿಸಿದರು.

"ಬೋರ್ಡ್ ಮ್ಯಾಲೆ ಬಿದ್ರೆ ಏನೂಂತ ಬರ್ದೇ ಇಲ್ವಲ್ಲ ಸಾ."

"ಎರಡು ಫೇಸಿನ ಮಧ್ಯೆ ಬಿದ್ದರೆ ಮರಣ," ಎಂದೆ.

ಅವರ ಮುಖ ಇಳಿಯಿತು. "ಯಾರ್ಗೆ ಸಾ?"

"ಹಲ್ಲಿಗೆ."

ಸದ್ದಿಲ್ಲದ ಸಾವು

ಇದೇ ಹೊತ್ತಿಗೆ ಪಾವಗಡದ ಕಡೆ ಹೋಗಬೇಕಾಯಿತು. ನಾಗಲಮಡಿಕೆ ರಸ್ತೆಯಲ್ಲಿ ಕಡಲೆಕಾಯಿ ಸುಲಿಯುವ ಒಂದು ಮಿಲ್ಲಿದೆ. ಅಲ್ಲಿಗೂ ಹಿಂದಿನ ವರ್ಷ ನಾನೇ ಬೋರ್ಡು ಕಟ್ಟಿದ್ದೆ. ದಾರಿಯಲ್ಲೇ ಇದೆಯಲ್ಲ ಎಂದು ಇಳಿದೆ. ಮಿಲ್ಲಿನ ಯಜಮಾನರು ಮೂಟೆಯ ಮೇಲೆ ಕೂತು, ಫೋನನ್ನು ಸ್ಪೀಕರಿಗೆ ಹಾಕಿಟ್ಟು ಲೈನ್‌ಮ್ಯಾನನ್ನು ಬೈಯುತ್ತಿದ್ದರು, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಬೆಳಗ್ಗೆಯಿಂದ ತ್ರೀ ಫೇಸ್ ಕರೆಂಟು ಕೊಟ್ಟಿಲ್ಲವಂತೆ. ಕೂಲಿಯವರೆಲ್ಲ ಬೇವಿನ ಮರದ ಕೆಳಗೆ ಮಲಗಿದ್ದರು.

ಪಕ್ಕದ ಹಿಟ್ಟಿನ ಮಿಲ್ಲು ಗಿರಗಿರ ತಿರುಗುತ್ತಿತ್ತು.

"ಅವರಿಗೆ ಇದೆಯಲ್ಲ ಕರೆಂಟು?" ಎಂದೆ.

"ಅದೇ ಸಾಮಿ ಕೇಳ್ತಾ ಇರೋದು, ಅವ್ನಿಗೆ ಕೊಟ್ಟು ನಂಗ್ಯಾಕೆ ಕೊಡ್ಲಿಲ್ಲ ಅಂತ!"

ಬೋರ್ಡು ತೆಗೆದು ನೋಡಿದೆ. ಬೆಲ್ಟು ಉಜ್ಜಿ ಉಜ್ಜಿ ಕೇಬಲ್ಲಿನ ಹೊದಿಕೆ ಸವೆದು ಶಾರ್ಟ್ ಆಗಿತ್ತು. ಮೂರೂ ಫ್ಯೂಸು ತಮ್ಮ ಕೆಲಸ ಮುಗಿಸಿ ತಣ್ಣಗೆ ಕೂತಿದ್ದವು. ಹೊಗೆಯಿಲ್ಲ, ಮಸಿಯಿಲ್ಲ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇದ್ದವು. ಮೋಟಾರು ಉಳಿದಿದೆ, ಅರ್ಧ ದಿನದ ಕೆಲಸ ಮಾತ್ರ ಹೋಗಿದೆ ಎಂದು ಸಮಾಧಾನ ಹೇಳಿದೆ.

ಯಜಮಾನರಿಗೆ ಸಮಾಧಾನವಾಗಲಿಲ್ಲ. ಮೊದಲಿದ್ದ ತಂತಿ ಢಂ ಎಂದು ಸಿಡಿಯುತ್ತಿತ್ತಂತೆ. ಅರ್ಧ ಊರಿಗೆ ಕೇಳಿಸುತ್ತಿತ್ತಂತೆ. ಒಂದು ಸಲ ಬೆಂಕಿ ಬಿದ್ದಾಗ ಬಸ್ಸಿನವರೂ ನಿಲ್ಲಿಸಿ ಬಂದಿದ್ದರಂತೆ. ನನ್ನ ಫ್ಯೂಸನ್ನು ಅಂಗೈಯಲ್ಲಿಟ್ಟುಕೊಂಡು ನೊಂದು ನುಡಿದರು:

"ಸಚ್ಚೇವಾಡು ಒಕ್ಕ ಅರುಪನ್ನಾ ಅರವಾಲ ಕದ ಸಾಮಿ!"

ಸಾಯುವವನು ಒಂದು ಸಲವಾದರೂ ಕಿರುಚಬೇಕಲ್ಲವೇ, ಎಂದು. ಲೈನ್‌ಮ್ಯಾನ್ ಫೋನಿನ ಆ ತುದಿಯಲ್ಲಿ ಇನ್ನೂ ಕೇಳಿಸಿಕೊಳ್ಳುತ್ತಲೇ ಇದ್ದ. "ಆ ಕೆಲ್ಸ ಬೆಳಗಿಂದ ನೀವೇ ಮಾಡಿದ್ರಲ್ಲ," ಎಂದ.

ಆಣೆ

ಹೊಳವನಹಳ್ಳಿಯ ಗಂಡನಿಂದ ಮತ್ತೆ ಫೋನ್. "ಸಾ, ನಿಮ್ಗೆ ಯಾರೋ ಮೋಸ ಮಾಡವ್ರೆ!"

ಹಲ್ಲಿಯ ದೆಸೆಯಿಂದ ಹೋದ ಫ್ಯೂಸನ್ನು ಅವರು ಸುತ್ತಿಗೆಯಿಂದ ಒಡೆದಿದ್ದರು, ರಾಗಿ ಬೀಸಿಸಲು ಬಂದವರ ಎದುರಿಗೇ. ಒಳಗಿನಿಂದ ಮರಳು ಸುರಿದಿತ್ತು. "ಅಕ್ಕಿಗೆ ಕಲ್ಲು ಬೆರೆಸೋದು ಕೇಳಿದ್ದೆ. ಇದ್ರಲ್ಲಿ ಬರೀ ಮರಳೇ ಐತೆ ಸಾ. ಇಲ್ಲಿ ಒಂದ್ ಟ್ರ್ಯಾಕ್ಟರ್ ಮರಳು ಹೊಡುದ್ರೆ ಪೊಲೀಸ್ನೋರು ಹಿಡೀತಾರೆ. ಇವ್ರು ಚಿಟಿಕೆ ಚಿಟಿಕೆ ತುಂಬ್ಸಿ ಸಾಗಿಸ್ತಾವ್ರೆ!"

ಮರಳು ಇರಲೇಬೇಕು ಎಂದೆ. ಒಳಗಿನ ಪಟ್ಟಿ ಕರಗಿದಾಗ ಆ ಸಂದಿನಲ್ಲಿ ಕಿಡಿ ಹೊತ್ತಿಕೊಳ್ಳುತ್ತದೆ. ಮರಳು ಆ ಕಾವನ್ನು ಕುಡಿದು, ತಾನೇ ಕರಗಿ ಗಾಜಾಗಿ, ಕಿಡಿಯ ಉಸಿರು ಕಟ್ಟಿಸುತ್ತದೆ. ಪಟ್ಟಿಯೂ ಅಂಥಿಂಥದ್ದಲ್ಲ, ತೆಳ್ಳನೆಯ ಬೆಳ್ಳಿ.

"ಬೆಳ್ಳಿನಾ ಸಾ?"

"ಬೆಳ್ಳಿ."

ಫೋನ್ ಇಟ್ಟರು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಅದಕ್ಕೆ ಎರಡು ದಿನದ ಹಿಂದೆ ಮಿಲ್ಲಿನಕ್ಕ ಒಂದು ಒಳ್ಳೆಯ ಸುದ್ದಿ ಹೇಳಿದ್ದರು. ಗಂಡನನ್ನು ಬಸ್ಸಿನಲ್ಲಿ ಗೊರವನಹಳ್ಳಿಗೆ ಕರೆದುಕೊಂಡು ಹೋಗಿ, ಲಕ್ಷ್ಮಮ್ಮನ ಎದುರು ನಿಲ್ಲಿಸಿ, "ಇನ್ ಮ್ಯಾಲೆ ಬೋರ್ಡಿಗೆ ತಂತಿ ಹಾಕಕಿಲ್ಲ" ಎಂದು ಆಣೆ ಮಾಡಿಸಿಕೊಂಡು ಬಂದಿದ್ದರು. ದೇವರ ಮುಂದೆ ಆಡಿದ ಮಾತು ತಪ್ಪುವವರಲ್ಲ ಅವರು. ನಾನೂ ನಿಶ್ಚಿಂತನಾಗಿದ್ದೆ.

ವಾರ ಕಳೆದ ಮೇಲೆ ಮಿಲ್ಲಿನಕ್ಕನ ಫೋನ್. "ಅಣ್ಣ, ನನ್ ಎಡಗಾಲ್ ಚೈನು ಕಾಣ್ತಿಲ್ಲ."

"ಎಲ್ಲಾದ್ರೂ ಬಿದ್ದಿರಬೇಕು, ಹುಡುಕಿ ಅಕ್ಕ."

"ಎಲ್ಲೈತೆ ಅಂತ ಅನುಮಾನ ಐತೆ ಕಣಣ್ಣ. ಬೋರ್ಡಿನ ಬಾಗ್ಲು ತೆಗಿಯೋಕೆ ಧೈರ್ಯ ಇಲ್ಲ."

ಮೇನ್ ಸ್ವಿಚ್ ಇಳಿಸಿ, ನಾನು ಬರುವ ತನಕ ಯಾರೂ ಮುಟ್ಟಬೇಡಿ ಎಂದು ಹೇಳಿ ಬೈಕ್ ಹತ್ತಿದೆ. ಬಾಗಿಲು ತೆಗೆದರೆ, ಎರಡು ಫೇಸಿನಲ್ಲಿ ನನ್ನ ಫ್ಯೂಸುಗಳು. ಮೂರನೆಯದರಲ್ಲಿ ಗೇಣುದ್ದದ ಪೈಪಿನ ತುಂಡು, ಅದರ ತುಂಬ ಮರಳು, ಎರಡು ಬಾಯಿಯಿಂದಲೂ ಹೊರಗೆ ಇಣುಕುತ್ತಿದ್ದ ಮಿಲ್ಲಿನಕ್ಕನ ಕಾಲ್ಚೈನು. ಗೆಜ್ಜೆ ಸಮೇತ.

ಗಂಡ ಪಕ್ಕದಲ್ಲೇ ನಿಂತಿದ್ದರು, ಶಹಭಾಸ್ ಅನ್ನುತ್ತೇನೆ ಎಂದು ಕಾಯುತ್ತ. "ನೀವ್ ಹೇಳ್ದಂಗೇ ಮಾಡಿದೀನಿ ಸಾ. ಒಳ್ಗೆ ಬೆಳ್ಳಿ, ಸುತ್ತ ಮರಳು. ನಿಮ್ದು ತೆಳ್ಳಗಿತ್ತು, ಇದು ಗಟ್ಟಿ."

ಬೆಳ್ಳಿ ಇದ್ದರೆ ಸಾಲದು, ಸಮಯಕ್ಕೆ ಸರಿಯಾಗಿ ಕರಗುವಷ್ಟು ತೆಳ್ಳಗಿರಬೇಕು. ಅದಕ್ಕೇ ಆ ಪಟ್ಟಿಯಲ್ಲಿ ಅಳೆದು ಕಿಂಡಿ ಕೊರೆದಿರುತ್ತಾರೆ. ಈ ಚೈನು ಕರಗುವ ಹೊತ್ತಿಗೆ ಮಿಲ್ಲಿನ ಶೀಟೂ ಕರಗಿರುತ್ತದೆ ಎಂದೆಲ್ಲ ಹೇಳಬಹುದಿತ್ತು. ಆಮೇಲೆ ಹೇಳಿದೆ ಕೂಡ. ಆ ಕ್ಷಣಕ್ಕೆ ನನ್ನ ಬಾಯಲ್ಲಿ ಬಂದದ್ದು ಒಂದೇ ಮಾತು.

"ಆಣೆ ಮಾಡಿದ್ರಲ್ಲ ಯಜಮಾನ್ರೇ?"

"ಆಣೆ ಮಾಡಿದ್ದು ತಂತಿ ಹಾಕಕಿಲ್ಲ ಅಂತ ಸಾ," ಎಂದರು ಅವರು, ಕಿವಿ ಮುಟ್ಟಿಕೊಂಡು. "ಇದು ತಂತಿ ಅಲ್ಲ, ಒಡವೆ!"

ಸರ್ವೀಸು

ಮರುದಿನವೇ ಗಂಡ ಹೆಂಡತಿ ಎರಡನೇ ಸಲ ಗೊರವನಹಳ್ಳಿಗೆ ಹೋದರು. ಈ ಸಲ ಮಿಲ್ಲಿನಕ್ಕ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರು. ತಂತಿ, ಮೊಳೆ, ಪಿನ್ನು, ಚೈನು, ಉಂಗುರ, ಕಾಲುಂಗುರ, ಉಡಿದಾರ. ಗಂಡ ಒಂದೊಂದನ್ನೂ ದೇವಿಗೆ ಓದಿ ಹೇಳಬೇಕು. ಪೂಜಾರಪ್ಪ, "ಏನಮ್ಮಾ, ಹುಂಡಿಗೆ ಹಾಕೋ ಸಾಮಾನಾ?" ಎಂದು ಕೇಳಿದರಂತೆ. ನಾನೂ ಬೋರ್ಡಿಗೆ ಬೀಗ ಹಾಕಿ, ಬೀಗದ ಕೈಯನ್ನು ಮಿಲ್ಲಿನಕ್ಕನಿಗೆ ಕೊಟ್ಟೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಫೋನ್ ಬಂತು. "ಅಣ್ಣ, ಬೇಗ ಬನ್ನಿ," ಎಂದರು ಮಿಲ್ಲಿನಕ್ಕ. ಅಷ್ಟೇ. ಹಿಂದೆ ಜನರ ಗದ್ದಲ ಕೇಳಿಸುತ್ತಿತ್ತು.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಬೀಗ ಇದೆ, ತೂತು ಮುಚ್ಚಿದೆ, ಆಣೆ ಎರಡು ಆಗಿದೆ. ಇನ್ನೇನು ತಪ್ಪಿರಬಹುದು? ಸುಡಲ್ಲ ಎಂದಿದ್ದೆನಲ್ಲ. ಆ ಹೆಂಗಸು ಗಾರ್ಮೆಂಟ್ಸಿನ ಬಸ್ಸಿಗೆ ಕಾಯುತ್ತ ನಿಂತಿರುವುದು ಕಣ್ಣಮುಂದೆ ಬರುತ್ತಲೇ ಇತ್ತು.

ಮಿಲ್ಲಿನ ಮುಂದೆ ಡಬ್ಬ, ಚೀಲ ಹಿಡಿದ ಜನ. ಒಳಗೆ ಹೋಗಿ ಮೊದಲು ಮೇಲೆ ನೋಡಿದೆ. ಹೊಸ ಬೋರ್ಡು ಕೂರಿಸಿದಾಗ ಬಳಿಸಿದ್ದ ಶೀಟು ಬೆಳ್ಳಗೇ ಇತ್ತು. ಬೋರ್ಡು ನೋಡಿದೆ, ಮಸಿಯಿಲ್ಲ. ಆಮೇಲೆ ಕೆಳಗೆ ನೋಡಿದೆ.

ಬೀಸುಕಲ್ಲಿನ ಹಲ್ಲು ಸವೆದಿದ್ದರಿಂದ ಗಂಡ ಅದನ್ನು ಉಳಿಯಿಂದ ಕೊಚ್ಚಲೆಂದು ಮೇಲಿನ ಕಲ್ಲನ್ನು ಇಳಿಸಿದ್ದರು. ಇಳಿಸಿದ್ದು ಪಕ್ಕದ ಮೆಣಸಿನಪುಡಿ ಮೆಷೀನಿನ ಕೇಬಲ್ ಮೇಲೆ. ಅದನ್ನು ತಿಳಿಯದೆ ಮಿಲ್ಲಿನಕ್ಕ ಆ ಮೆಷೀನಿನ ಸ್ವಿಚ್ ಒತ್ತಿದ್ದರು. ಮೂರೂ ಫೇಸು ಜಜ್ಜಿ ಒಂದಾಗಿದ್ದವು. ಆ ಮಿಲ್ಲಿನಲ್ಲಿ ಅಷ್ಟು ದೊಡ್ಡ ಶಾರ್ಟು ಹಿಂದೆಂದೂ ಆಗಿರಲಿಲ್ಲ.

ಕಲ್ಲಿನ ಕೆಳಗೆ ಕೇಬಲ್ ಹಪ್ಪಳವಾಗಿತ್ತು. ಮೂರು ಫ್ಯೂಸು ಹೋಗಿದ್ದವು. ಸ್ಟಾರ್ಟರು, ಮೋಟಾರು ಎರಡಕ್ಕೂ ಏನೂ ಆಗಿರಲಿಲ್ಲ. ಹೊಸ ಕೇಬಲ್ ಎಳೆದು, ಹೊಸ ಫ್ಯೂಸು ಹಾಕಿ ಒಂದು ಗಂಟೆಯಲ್ಲಿ ಸ್ವಿಚ್ ಒತ್ತಿಸಿದೆ. ಮೆಷೀನು ತಿರುಗಿತು. ಜನರೆಲ್ಲ ಸೀನಲು ಶುರು ಮಾಡಿದರು. ಮಿಲ್ಲಿನಕ್ಕ, ಮಗುವಿಗೆ ಜ್ವರ ನೋಡುವ ಹಾಗೆ ಮೋಟಾರಿನ ಮೇಲೆ ಅಂಗೈ ಇಟ್ಟು ನಿಂತರು. "ಬೆಚ್ಗೂ ಆಗಿಲ್ಲ ಕಣಣ್ಣ," ಎಂದರು. ಆಮೇಲೆ ಗಾರ್ಮೆಂಟ್ಸ್ ಮಾತು ಬರಲೇ ಇಲ್ಲ.

ಗಂಡ ಬಂದು ಬೋರ್ಡಿನ ಪಕ್ಕ ಕೂತರು. ಸತ್ತ ಮೂರು ಫ್ಯೂಸುಗಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು. ಈ ಸಲ ಸುತ್ತಿಗೆ ಹುಡುಕಲಿಲ್ಲ.

ಹತ್ತು ದಿನದ ಮೇಲೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ. ಮಿಲ್ಲಿನ ಬಾಗಿಲಿಗೆ ದೃಷ್ಟಿಗೆಂದು ಕಟ್ಟಿದ್ದ ಬೂದುಗುಂಬಳಕಾಯಿ ಹೋಗಿ, ಆ ಜಾಗದಲ್ಲಿ ಮೂರು ಫ್ಯೂಸು ನೇತಾಡುತ್ತಿದ್ದವು. ಅರಿಶಿನ, ಕುಂಕುಮ, ಕೆಳಗೊಂದು ನಿಂಬೆಹಣ್ಣು. ಬೈಕ್ ನಿಲ್ಲಿಸಿದೆ.

"ಇದೇನು ಯಜಮಾನ್ರೇ?"

"ಕುಂಬಳಕಾಯಿ ಏನ್ ಮಾಡ್ತದೆ ಸಾ?" ಎಂದರು ಗಂಡ. "ಬರೋ ಕೆಟ್ಟದ್ದೆಲ್ಲ ತನ್ ಮ್ಯಾಲೆ ಎಳ್ಕಂಡು ಕೊಳೀತದೆ. ಇವೂ ಅದನ್ನೇ ಮಾಡಿದ್ವು. ಮೋಟ್ರುಗೆ ಬರೋದನ್ನ ತಾವ್ ತಗಂಡ್ವು. ಇವಾದ್ರೆ ನಾರೋದೂ ಇಲ್ಲ."

ಇಪ್ಪತ್ತು ವರ್ಷದಿಂದ ನಾನು ವಿವರಿಸುತ್ತಿರುವುದು ಅದನ್ನೇ. ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ. ನಮಸ್ಕಾರ ಮಾಡಿ ಹೊರಟೆ.

ಮುಂದಿನ ವಾರ ಮಧುಗಿರಿಯ ನನ್ನ ಅಂಗಡಿಗೆ ಕೊರಟಗೆರೆಯ ಕಡೆಯ ಒಬ್ಬರು ಬಂದರು. ಹೊಸ ಮನೆ ಕಟ್ಟಿಸಿದ್ದಾರೆ, ಫ್ಯೂಸು ಬೇಕು, ಹೊಳವನಹಳ್ಳಿ ಮಿಲ್ಲಿನ ಯಜಮಾನರು ಕಳಿಸಿದರು ಎಂದರು. ನನ್ನ ಪ್ರಯತ್ನಕ್ಕೆ ಕೊನೆಗೂ ಫಲ ಸಿಕ್ಕಿತಲ್ಲ ಎನಿಸಿತು. ಎಷ್ಟು ಆಂಪ್ಸ್ ಎಂದು ಕೇಳಿದೆ.

"ಅದೆಲ್ಲ ಗೊತ್ತಿಲ್ಲ ಸಾ. ತಲೆಬಾಗ್ಲಿಗೆ ಕಟ್ಟೋಕೆ."

ಬೇಡ ಎನ್ನಲು ಮನಸ್ಸು ಬರಲಿಲ್ಲ. ಪೆಟ್ಟಿಗೆಯಿಂದ ಒಂದು ಹೊಸ ಫ್ಯೂಸು ತೆಗೆದು ಕೊಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಾಪಸ್ ಮೇಜಿನ ಮೇಲಿಟ್ಟರು.

"ಸುಟ್ಟಿರೋದು ಇಲ್ವಾ ಸಾ?"

"ಹೊಸದೇ ಕೊಡ್ತಾ ಇದ್ದೀನಲ್ಲ!"

"ಹೊಸುದ್ಕೆ ಏನ್ ಗೊತ್ತಿರ್ತದೆ ಸಾ," ಎಂದರು ಅವರು. "ಒಂದೆರಡು ಶಾರ್ಟ್ ಕಂಡು ಸರ್ವೀಸ್ ಆಗಿರೋದು ಕೊಡಿ."